ತೋಡಿನ ಬದಿ ಕೂರಲೊಂದು ಜಾಗ: ಕೊಡಗಿಗೆ ಹೊಸದಾಗಿ ಮನೆ ಮಾಡಿದವರಿಗೆ

ಅಬ್ಬಿ, ಇರ್ಪು, ಮಲ್ಲಳ್ಳಿ ಜಲಪಾತಗಳೆಲ್ಲ ನೆಂಟರು ಬಂದಾಗ ಕರೆದುಕೊಂಡು ಹೋಗುವ ಜಾಗಗಳು. ಭಾನುವಾರ ಅಲ್ಲಿಗೆ ಹೋದರೆ ನೀರಿನ ಸದ್ದಿಗಿಂತ ಹಾರನ್ ಸದ್ದೇ ಜಾಸ್ತಿ. ಹಳ್ಳಿಯಲ್ಲಿ ಮನೆ ಮಾಡಿದವರಿಗೆ ಬೇಕಾದದ್ದು ಬೇರೆ: ಚಪ್ಪಲಿ ಮೆಟ್ಟಿ ಹೊರಟರೆ ಕಾಲು ಗಂಟೆಯೊಳಗೆ ಸಿಗುವ, ವಾರಕ್ಕೆ ನಾಲ್ಕು ಸಲ ಹೋಗಿ ಸುಮ್ಮನೆ ಕೂತು ಬರಬಹುದಾದ ಜಾಗ. ಕಾರು ತೆಗೆಯಬೇಕಾದಷ್ಟು ದೂರ ಇದ್ದರೆ ಎರಡನೇ ತಿಂಗಳಿಗೆ ಹೋಗುವುದು ನಿಂತುಹೋಗುತ್ತದೆ.

ಇಲ್ಲಿನ ನೆಲದ ಲೆಕ್ಕ ಸುಲಭ. ಮೇಲೆ ಬಾಣೆ (ಹುಲ್ಲು, ಮರಗಳ ಎತ್ತರದ ಜಾಗ), ಇಳಿಜಾರಿನಲ್ಲಿ ಕಾಫಿ, ತಗ್ಗಿನಲ್ಲಿ ಗದ್ದೆ, ಗದ್ದೆಯ ಅಂಚಿನಲ್ಲಿ ತೋಡು, ಅಂದರೆ ಸಣ್ಣ ಹಳ್ಳ. ಗದ್ದೆ ಮುಗಿದು ಮರಗಳು ಶುರುವಾಗುವ ಅಂಚನ್ನು ಹಿಡಿದು ತೋಡಿನ ಜೊತೆ ನಡೆಯಿರಿ. ಹಕ್ಕಿಗಳು ಹೆಚ್ಚು ಕಾಣುವುದೂ ಆ ಅಂಚಿನಲ್ಲೇ. ಬೇಸಾಯ ಬಿಟ್ಟ ಪಾಳು ಗದ್ದೆಯ ಬದುವೂ ಆಗುತ್ತದೆ, ಗಾಳಿ ಬೇಕೆನ್ನುವವರಿಗೆ ಬಾಣೆಯ ನೆತ್ತಿಯೂ ಆಗುತ್ತದೆ. ಆದರೆ ಹೆಚ್ಚಿನವರಿಗೆ ಕೊನೆಗೆ ಒಪ್ಪಿಗೆಯಾಗುವುದು ನೀರಿನ ಪಕ್ಕದ ಕಲ್ಲು.

ಆ ಕಲ್ಲನ್ನು ಅಕ್ಟೋಬರಿನಲ್ಲಿ ನೋಡಿ ಮೆಚ್ಚಬೇಡಿ. ಅಕ್ಟೋಬರಿನಲ್ಲಿ ಕೊಡಗಿನ ಯಾವ ತೋಡಾದರೂ ಚೆಂದವೇ. ಜನವರಿಯಲ್ಲಿ ಹೋಗಿ ಮೂಸಿ ನೋಡಿ. ಮೇಲಿನ ತೋಟಗಳಲ್ಲಿ ಕಾಫಿ ಹಣ್ಣು ಪಲ್ಪ್ ಮಾಡಿದ (ಸಿಪ್ಪೆ ಬಿಡಿಸಿ ತೊಳೆದ) ನೀರು ತೋಡಿಗೆ ಬರುತ್ತಿದ್ದರೆ ಹುಳಿ ನಾತ, ಕಂದು ನೊರೆ, ಕಲ್ಲಿನ ಮೇಲೆ ಬೂದು ಬಣ್ಣದ ಲೋಳೆ ಕಾಣುತ್ತದೆ. ಹಣ್ಣಿನ ಅಂಟು ಕೊಳೆಯುವಾಗ ನೀರಿನಲ್ಲಿನ ಆಮ್ಲಜನಕ ಕಡಿಮೆಯಾಗಿ ಮೀನುಗಳೂ ಸಾಯುತ್ತವೆ. ಇನ್ನು ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ. ಹಗಲು ರಾತ್ರಿ ಪಂಪಿನ ಸದ್ದು, ಎರಡು ವಾರದಲ್ಲಿ ತೋಡು ಕೆಸರು ಗುಂಡಿ. ಜನವರಿ ಮತ್ತು ಮಾರ್ಚ್ ಎರಡರಲ್ಲೂ ಪಾಸಾದ ಜಾಗ ಸಿಕ್ಕರೆ ಬಿಡಬೇಡಿ.

ಮಳೆಗಾಲದ ಪರೀಕ್ಷೆಗೆ ಮಳೆಯಲ್ಲಿ ಹೋಗಬೇಕೆಂದಿಲ್ಲ. ದಡದ ಪೊದೆ, ಕೊಂಬೆಗಳಿಗೆ ಸಿಕ್ಕಿಕೊಂಡ ಕಸಕಡ್ಡಿ ಎಷ್ಟು ಎತ್ತರದಲ್ಲಿದೆ ನೋಡಿ. ಹೋದ ಮಳೆಗಾಲದಲ್ಲಿ ನೀರು ಏರಿದ ಗೆರೆ ಅದು. ಕೂರುವ ಜಾಗ ಅದಕ್ಕಿಂತ ಒಂದಾಳೆತ್ತರ ಮೇಲಿರಲಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆ ಹುಯ್ಯುತ್ತಿರಬಹುದು. ತಿಳಿನೀರು ಕೆಂಪಾಗಿ, ಎಲೆ, ಕಡ್ಡಿ ತೇಲಿಬರಲು ಶುರುವಾದರೆ ತಡಮಾಡದೆ ಏಳಿ. ಕಡಿದಾದ ಇಳಿಜಾರಿನ ಬುಡವಂತೂ ಬೇಡ. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ, ಹೊಸಬರಿಗೆ ಹೇಳಬೇಕು: ನೆಲದಲ್ಲಿ ಹೊಸ ಬಿರುಕು, ಒಂದೇ ಕಡೆಗೆ ವಾಲಿದ ಮರಗಳು, ಯಾವಾಗಲೂ ತಿಳಿಯಾಗಿ ಬರುತ್ತಿದ್ದ ಒರತೆಯಲ್ಲಿ ಇದ್ದಕ್ಕಿದ್ದಂತೆ ಕೆಸರು. ಇವುಗಳಲ್ಲಿ ಒಂದು ಕಂಡರೂ ಆ ಜಾಗದ ಆಸೆ ಬಿಡಿ, ಕೆಳಗೆ ಮನೆ ಇರುವವರಿಗೂ ಪಂಚಾಯಿತಿಗೂ ಹೇಳಿ.

ಜಾಗ ಯಾರದು ಅನ್ನುವ ಪ್ರಶ್ನೆಯಲ್ಲೇ ಹೊಸಬರು ಹೆಚ್ಚಾಗಿ ಎಡವುವುದು. ಬೇಲಿ ಇಲ್ಲ ಅಂದ ಮಾತ್ರಕ್ಕೆ ಯಾರದೂ ಅಲ್ಲ ಅಂತಲ್ಲ. ಸರ್ಕಾರದ ದಿಶಾಂಕ್ ಆಪ್ ತೆರೆದರೆ ನೀವು ನಿಂತಿರುವ ಸರ್ವೆ ನಂಬರ್ ತೋರಿಸುತ್ತದೆ, ಅದನ್ನು ಹಿಡಿದು ಪಹಣಿ ನೋಡಬಹುದು. ದಟ್ಟ ಮರಗಳ ಕೆಳಗೆ ಜಿಪಿಎಸ್ ಆಚೀಚೆ ಆಗುತ್ತದೆ, ಹಾಗಾಗಿ ಬಯಲಿಗೆ ಬಂದು ಇನ್ನೊಮ್ಮೆ ನೋಡಿ. ಪೈಸಾರಿ ಎಂದಿದ್ದರೆ ಸರ್ಕಾರದ್ದು. ಜಮ್ಮಾ (ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಜಮೀನು) ಆದರೆ ಒಂದೇ ಪಹಣಿಯಲ್ಲಿ ಕುಟುಂಬದ ಹಲವು ಹೆಸರು ಇರುವುದು ಸಾಮಾನ್ಯ. ಒಬ್ಬರು "ಹೋಗಿ ಕೂತ್ಕೊಳ್ಳಿ, ಅದಕ್ಕೇನಂತೆ" ಅಂದರೂ ಅವರ ಅಣ್ಣನಿಗೆ ಗೊತ್ತಿರಬೇಕೆಂದಿಲ್ಲ. ಹಿರಿಯರ ಮನೆಗೇ ಹೋಗಿ, ನಾವು ಇಂಥ ಕಡೆ ಹೊಸದಾಗಿ ಬಂದವರು ಎಂದು ಹೇಳಿ, ಕೊಟ್ಟ ಕಾಫಿ ಕುಡಿದು ಕೇಳಿ. ಕೊಯ್ಲಿನ ಸಮಯದಲ್ಲಿ ಮಾತ್ರ ಅವರಿಗೆ ಹೇಳದೆ ಆ ಕಡೆ ಸುಳಿಯಬೇಡಿ. ಹಣ್ಣು, ಮೆಣಸು ಕಳುವಾಗುವ ದಿನಗಳಲ್ಲಿ ತೋಟದಲ್ಲಿ ಸುತ್ತುವ ಅಪರಿಚಿತರನ್ನು ಯಾರೂ ಇಷ್ಟಪಡುವುದಿಲ್ಲ.

ದೇವರಕಾಡು ಕಂಡರೆ ಆಸೆಯಾಗುವುದು ಸಹಜ. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ಇವೆ, ಸುತ್ತ ಕಾಫಿಯೇ ಇದ್ದರೂ ಹಳೆಯ ಮರಗಳು ಉಳಿದಿರುವುದು ಅಲ್ಲೇ. ಆದರೆ ಒಳಗೆ ಕಾಲಿಡುವ ಮೊದಲು ಊರಿನ ತಕ್ಕರನ್ನು (ಊರ ದೇವಸ್ಥಾನದ ಉಸ್ತುವಾರಿ ಹಿರಿಯರನ್ನು) ಕೇಳಿ. ಚಪ್ಪಲಿ ಎಲ್ಲಿ ಬಿಡಬೇಕು, ಯಾವ ದಿನ ಹೋಗಬಾರದು ಎಂಬುದು ಒಂದೊಂದು ಊರಿಗೆ ಒಂದೊಂದು ಥರ. ಕೆಲವು ಕಾಡಿಗೆ ಹೆಂಗಸರು ಹೋಗುವ ಪದ್ಧತಿಯಿಲ್ಲ. ಒಣ ಕಡ್ಡಿಯನ್ನೂ ತರುವಂತಿಲ್ಲ. ಮಣ್ಣಿನ ನಾಯಿಗಳ ಸಾಲು ಕಂಡರೆ ಅದು ಅಯ್ಯಪ್ಪನಿಗೆ ಒಪ್ಪಿಸಿದ ಹರಕೆ, ಮನೆಯ ಶೋಕೇಸಿಗಲ್ಲ. ಹಾಗೆಯೇ ಐನ್‌ಮನೆಯ (ಕುಟುಂಬದ ಮೂಲಮನೆಯ) ಹತ್ತಿರದ ಕೈಮಡ ಹಿರಿಯರ ಗುಡಿ, ಅದರ ಕಟ್ಟೆ ಕೂರುವ ಕಟ್ಟೆಯಲ್ಲ.

ಜಾಗ ಸಿಕ್ಕಿತು ಅನ್ನಿ. ಕೂರುವ ಮೊದಲು ತಲೆಯೆತ್ತಿ ನೋಡಿ. ಹಾಲವಾಣ ಮೆದು ಮರ, ಒಣಗಿದ ಕೊಂಬೆ ಗಾಳಿಯಿಲ್ಲದೆಯೂ ಬೀಳುತ್ತದೆ. ಎತ್ತರದ ಮರದಲ್ಲಿ ಹೆಜ್ಜೇನು ತೂಗುತ್ತಿದ್ದರೆ ಅದರ ಕೆಳಗೆ ಹೊಗೆ ಬೇಡ, ಸೆಂಟು ಬೇಡ, ಸಾಧ್ಯವಾದರೆ ಆ ಮರವೇ ಬೇಡ.

ಜೂನ್‌ನಿಂದ ಜಿಗಣೆ. ಒತ್ತು ನೇಯ್ಗೆಯ ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಮಂಡಿಯವರೆಗೆ ಎಳೆದು, ಹೊಗೆಸೊಪ್ಪು ನೆನೆಸಿದ ನೀರನ್ನು ಶೂ ಮತ್ತು ಕಾಲುಚೀಲದ ಅಂಚಿಗೆ ಹಚ್ಚಿದರೆ ಸಾಕು, ಮಳೆಗೆ ತೊಳೆದುಹೋದಾಗ ಮತ್ತೆ ಹಚ್ಚಬೇಕು. ಕಚ್ಚಿದ್ದಕ್ಕೆ ಉಪ್ಪು ಸುರಿಯುವುದು, ಬೆಂಕಿ ತಾಗಿಸುವುದು ಬೇಡ, ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕುತ್ತದೆ. ಸಪೂರ ತುದಿಯ ಬಾಯಿಯ ಅಡಿಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ, ತೊಳೆದು ಒತ್ತಿ ಹಿಡಿಯಿರಿ. ಗಮ್‌ಬೂಟು ಜಿಗಣೆಗೆ ಒಳ್ಳೆಯದು, ಪಾಚಿ ಹಿಡಿದ ಬಂಡೆಗೆ ಕೆಟ್ಟದ್ದು. ಕಾಲಿನಲ್ಲಿ ಗಾಯವಿದ್ದರೆ ತೋಡಿಗಿಳಿಯಬೇಡಿ, ಇಲಿಜ್ವರ ಬರುವುದು ಹಾಗೆಯೇ.

ಬೇಲಿಯ ತಂತಿ ಯಾವುದನ್ನೂ ಮುಟ್ಟಬೇಡಿ. ಸೋಲಾರ್ ಬೇಲಿ ಒಮ್ಮೆ ಶಾಕ್ ಹೊಡೆದು ಕೈಬಿಡುತ್ತದೆ. ಕಾಡುಹಂದಿಗೆಂದು ಕಳ್ಳತನದಲ್ಲಿ ಎಳೆದ ಕರೆಂಟ್ ಲೈನ್ ಹಾಗೆ ಬಿಡುವುದಿಲ್ಲ, ಜೀವ ತೆಗೆಯುತ್ತದೆ.

ಆನೆಯ ವಿಷಯದಲ್ಲಿ ನಿಮ್ಮ ಧೈರ್ಯಕ್ಕೆ ಬೆಲೆಯಿಲ್ಲ, ಸುದ್ದಿಗಿದೆ. ಹೊರಡುವ ಮೊದಲು ಲೈನ್ ಮನೆಯವರನ್ನೋ (ತೋಟದ ಕೆಲಸಗಾರರನ್ನೋ) ಹಾಲಿನವರನ್ನೋ "ಅಣ್ಣಾ, ಆನೆ ಇವತ್ತು ಯಾವ ಕಡೆ?" ಎಂದು ಕೇಳಿ. ಅವರಿಗೆ ಗೊತ್ತಿರುತ್ತದೆ. ಹಲಸು ಹಣ್ಣಾಗುವ ಮೇ, ಜೂನ್‌ನಲ್ಲಿ, ಮತ್ತೆ ಭತ್ತ ತೆನೆಗಟ್ಟಿದಾಗ ಇನ್ನೂ ಜಾಗ್ರತೆ. ಬಿಸಿಲು ಚೆನ್ನಾಗಿ ಏರಿದ ಮೇಲೆ ಹೋಗಿ, ಐದಕ್ಕೆಲ್ಲ ಮನೆಯಲ್ಲಿರಿ. ಆಳೆತ್ತರದ ರೊಬಸ್ಟಾ ಸಾಲಿನಲ್ಲಿ ಹತ್ತು ಹೆಜ್ಜೆ ಆಚೆ ನಿಂತ ಆನೆಯೂ ಕಾಣುವುದಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ನಡೆಯುವವರಿಗೆ ಏನು ಹೇಳುವುದೋ ತಿಳಿಯದು. ಮುರಿದು ಬಿದ್ದ ಬೈನೆ ಮರ, ಬದುವಿನಲ್ಲಿ ಜಾರಿದ ಗುರುತು ಕಂಡರೆ ನಿಂತು ಕೇಳಿಸಿಕೊಳ್ಳಿ. ಲದ್ದಿ ಒಣಗಿ ಹುಳು ಕೆದಕಿದ್ದರೆ ಹಳೆಯದು. ಹೊಳೆಯುತ್ತ ಹಬೆಯಾಡುತ್ತಿದ್ದರೆ ಫೋಟೋ ತೆಗೆಯಲು ನಿಲ್ಲದೆ ಬಂದ ದಾರಿಯಲ್ಲೇ ವಾಪಸ್ ಹೊರಡಿ, ಮನೆ ಮುಟ್ಟಿದ ಮೇಲೆ ಲೈನ್ ಮನೆಗೆ ಫೋನ್ ಮಾಡಿ ಎಲ್ಲಿ ಕಂಡಿರಿ ಎಂದು ಹೇಳಿ.