ಮುಳ್ಳೋ, ಮಚ್ಚೆಯೋ: ಚಳ್ಳಕೆರೆ ಸೀಮೆಯಲ್ಲಿ ಒಂದು ಚರ್ಮ ತಪಾಸಣೆಯ ದಿನ

ಶಾಮಿಯಾನದ ಕೆಳಗೆ ಚರ್ಮದ ಫೋಟೊ ತೆಗೆಯಬಾರದು. ಕೆಂಪು ನೀಲಿ ಬಟ್ಟೆಯಿಂದ ಸೋಸಿ ಬರುವ ಬೆಳಕಿನಲ್ಲಿ ಎಲ್ಲರ ಮೈಯೂ ಉರಿ ಎದ್ದ ಹಾಗೆ ಕಾಣುತ್ತದೆ. ಚರ್ಮದ ಕ್ಯಾನ್ಸರ್ ಹುಡುಕುವ ನಮ್ಮ ಶಿಬಿರದಲ್ಲಿ ಮೊದಲ ಹತ್ತು ಹನ್ನೆರಡು ಚಿತ್ರ ಹೀಗೇ ಹಾಳಾದ ಮೇಲೆ ಶಾಲೆಯ ಒಂದು ಕೋಣೆಯ ಬೀಗ ತೆಗೆಸಿ, ಸುಣ್ಣ ಬಳಿದ ಗೋಡೆ, ಉತ್ತರದ ಕಿಟಕಿ ನೋಡಿಕೊಂಡು ಮೇಜು ಅಲ್ಲಿಗೆ ಸಾಗಿಸಿದೆವು. ಬಿಸಿಲು ನೇರ ಬೀಳದ, ಆದರೆ ಧಾರಾಳ ಬೆಳಕಿರುವ ಜಾಗ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಸಾಮಾನು ಹೆಚ್ಚೇನಿಲ್ಲ. ಒಂದು ಡರ್ಮೋಸ್ಕೋಪ್, ಅದನ್ನು ಫೋನಿಗೆ ಕೂರಿಸುವ ಅಡಾಪ್ಟರ್, ಸ್ಕ್ಯಾನಿಂಗ್‌ಗೆ ಹಚ್ಚುವ ಜೆಲ್, ಸ್ಪಿರಿಟ್, ಹತ್ತಿ, ಕಾಗದದ ಅಳತೆ ಪಟ್ಟಿ, ಜೊತೆಗೆ ಚಿತ್ರ ನೋಡಿ ಮಚ್ಚೆ ಯಾವ ಬಗೆಯದೆಂದು ಅಂದಾಜು ಹೇಳುವ ಎಐ (ಕೃತಕ ಬುದ್ಧಿಮತ್ತೆ) ಪ್ರೋಗ್ರಾಮು. ಡರ್ಮೋಸ್ಕೋಪ್ ಎಂದರೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ, ಸುತ್ತ ಎಲ್‌ಇಡಿ ದೀಪ. ಬರೀ ಭೂತಗನ್ನಡಿಯಲ್ಲಿ ನೋಡಿದರೆ ಚರ್ಮದ ಮೇಲ್ಮೈ ಬೆಳಕನ್ನು ಕಣ್ಣಿಗೆ ಹೊಡೆದು ಒಳಗಿನದ್ದನ್ನು ಮುಚ್ಚಿಬಿಡುತ್ತದೆ. ಜೆಲ್ ಹಚ್ಚಿದರೆ, ಇಲ್ಲವೇ ಪೋಲರೈಸ್ ಮಾಡಿದ ಬೆಳಕು ಬಿಟ್ಟರೆ ಆ ಹೊಳಪು ಅಡಗಿ ಕೆಳಗಿನ ಬಣ್ಣದ ಜಾಲ, ರಕ್ತನಾಳ ಕಾಣಿಸುತ್ತವೆ. ತಪ್ಪುವುದೂ ಸಣ್ಣ ಸಣ್ಣದರಲ್ಲೇ: ಜೆಲ್‌ನಲ್ಲಿ ಗಾಳಿಗುಳ್ಳೆ ಉಳಿದರೆ ಅದು ಚಿತ್ರದಲ್ಲಿ ಬಿಳಿ ಗಂಟಾಗಿ ಕೂರುತ್ತದೆ, ಗಟ್ಟಿಯಾಗಿ ಒತ್ತಿದರೆ ರಕ್ತನಾಳಗಳೇ ಮಾಯವಾಗುತ್ತವೆ. ಫೋಟೊವನ್ನು ವಾಟ್ಸಾಪ್‌ನಲ್ಲಿ ಹಾಗೇ ಕಳಿಸಿದರೆ ಬಣ್ಣದ ಜಾಲದ ಎಳೆಗಳು ಕರಗಿ ಹೋಗುತ್ತವೆ. ಡಾಕ್ಯುಮೆಂಟ್ ಮಾಡಿ ಕಳಿಸಬೇಕು. ಫೋನಿನ ‘ಬ್ಯೂಟಿ’ ಸೆಟ್ಟಿಂಗ್ ತೆಗೆದುಹಾಕಬೇಕು ಎನ್ನುವುದನ್ನು ಪ್ರತಿ ಶಿಬಿರದಲ್ಲೂ ಯಾರಾದರೊಬ್ಬರು ಮರೆಯುತ್ತಾರೆ.

ಬಂದವರಲ್ಲಿ ಹೆಚ್ಚಿನವರಿಗೆ ಹುಳಕಡ್ಡಿ, ತುರಿಕಜ್ಜಿ, ಹಿಮ್ಮಡಿ ಒಡಕು. ಕ್ಯಾನ್ಸರ್ ಹುಡುಕಲು ಹೋದವರ ದಿನವೆಲ್ಲ ಮುಲಾಮು ಬರೆಯುವುದರಲ್ಲೇ ಕಳೆಯುತ್ತದೆ, ಅದು ಸಹಜ. ಆದರೂ ಒಂದು ಪದ್ಧತಿ ಬಿಡಲಿಲ್ಲ. ಏನೇ ತೋರಿಸಲು ಬಂದಿರಲಿ, ಚಪ್ಪಲಿ ಬಿಡಿಸಿ ಅಂಗಾಲು, ಅಂಗೈ, ಉಗುರು ನೋಡುವುದು. ಬಿಳಿಯರಲ್ಲಿ ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್, ಹೆಚ್ಚಾಗಿ ಬಿಸಿಲು ಬಿದ್ದ ಬೆನ್ನು, ಕಾಲು, ಮುಖದಲ್ಲಿ ಏಳುತ್ತದೆ. ನಮ್ಮಂಥ ಕಂದು ಮೈಯವರಲ್ಲಿ ಆ ಕಾಯಿಲೆಯೇ ಅಪರೂಪ. ಬಂದಾಗ ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲದಂತೆ ಅಂಗಾಲಿನಲ್ಲೋ ಉಗುರಿನ ಬುಡದಲ್ಲೋ ಬಂದು ಕೂರುತ್ತದೆ. ಹಾಡುಗಾರ ಬಾಬ್ ಮಾರ್ಲಿ 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡದ್ದು ಕಾಲುಗುರಿನ ಕೆಳಗೆ ಶುರುವಾದ ಮೆಲನೋಮದಿಂದ.

ಹನ್ನೊಂದರ ಸುಮಾರಿಗೆ ಕುರಿ ಕಾಯುವ ಅಜ್ಜ ಒಬ್ಬರು ಬಂದರು, ಮುಂಗೈ ತುರಿಕೆ ಅಂತ. ಕೆರ ಬಿಡಿಸಿದರೆ ಎಡ ಹಿಮ್ಮಡಿಯ ಅಂಚಿಗೆ ಕಪ್ಪು ಮಚ್ಚೆ.

“ಅದೇನ್ ನೋಡ್ತೀರಾ ಸ್ವಾಮಿ, ಜಾಲಿಮುಳ್ಳು ಮುರ್ದಿದ್ದು. ಒಳಗೇ ಉಳ್ಕಂಡೈತೆ.”

“ಎಷ್ಟು ದಿನ ಆತಜ್ಜ?”

“ಹೋದ್ ವರ್ಷದ ಜಾತ್ರೇಲಿ ಕಡ್ಲೆಕಾಳಿನಷ್ಟಿತ್ತು. ಈಗ ರೂಪಾಯಿ ಅಗಲ ಆಗೈತೆ. ನೋವೇನಿಲ್ಲ ಬಿಡ್ರಿ.”

ಮುಳ್ಳು ಮುರಿದ ಜಾಗ ನೋಯುತ್ತದೆ, ಕೀವು ಕಟ್ಟುತ್ತದೆ, ಅಗಲವಾಗುತ್ತಾ ಹೋಗುವುದಿಲ್ಲ. ಅನುಮಾನ ಹುಟ್ಟಿದ್ದು ಆ ಕಡ್ಲೆಕಾಳು ರೂಪಾಯಿಯಾದ ಮಾತಿನಿಂದ, ಎಐ ಯಂತ್ರದಿಂದಲ್ಲ. ಯಂತ್ರಕ್ಕೆ ತೋರಿಸಿದಾಗ ಅದು ‘ಸಾಧಾರಣ ಮಚ್ಚೆ’ ಎಂದು ನೂರಕ್ಕೆ 81 ಅಂಕ ಕೊಟ್ಟಿತು.

ಯಾಕೆ ಹಾಗೆಂದಿತು ಎಂದು ತಿಳಿಯಲು ಅದು ಕಲಿಯುವ ಬಗೆ ನೋಡಬೇಕು. ಇಂಥ ಪ್ರೋಗ್ರಾಮುಗಳಿಗೆ ಪಾಠ ಹೇಳುವ ಹೆಸರುವಾಸಿ ಸಂಗ್ರಹ 2018ರ ಹ್ಯಾಮ್10000. ಅದರಲ್ಲಿ 10,015 ಡರ್ಮೋಸ್ಕೋಪ್ ಚಿತ್ರಗಳಿವೆ, ಬಂದದ್ದು ವಿಯೆನ್ನಾ ಮತ್ತು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಿಂದ. ಬಹುಪಾಲು ಬಿಳಿ ಚರ್ಮ, ಮೂರರಲ್ಲಿ ಎರಡು ಪಾಲು ಸಾಧಾರಣ ಮಚ್ಚೆ, ಅಂಗಾಲು ತೀರಾ ಕಡಿಮೆ. ವರ್ಗಗಳು ಏಳೇ. ಪ್ರೋಗ್ರಾಮು ನೂರು ಅಂಕವನ್ನು ಈ ಏಳು ಡಬ್ಬಿಗೆ ಹಂಚಲೇಬೇಕು. ‘ಇದು ನನಗೆ ಗೊತ್ತಿಲ್ಲ’ ಎಂಬ ಡಬ್ಬಿ ಅದರ ಹತ್ತಿರ ಇಲ್ಲ. ಹುಳಕಡ್ಡಿ ತೋರಿಸಿ, ಕುಷ್ಠದ ಮಚ್ಚೆ ತೋರಿಸಿ, ಬೇಕಾದರೆ ರಾಗಿಮುದ್ದೆ ತೋರಿಸಿ, ಏಳರಲ್ಲೊಂದು ಹೆಸರು ಹೇಳಿಯೇ ತೀರುತ್ತದೆ. ಆ 81 ಎನ್ನುವುದು ರೋಗಿಯ ಬಗೆಗಿನ ಖಾತ್ರಿಯಲ್ಲ, ಕಂಡ ಚಿತ್ರಗಳಲ್ಲಿ ಯಾವುದಕ್ಕೆ ಹತ್ತಿರ ಎನ್ನುವ ಲೆಕ್ಕ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ 1,29,450 ಚಿತ್ರಗಳಿಂದ ಕಲಿಸಿದ ಪ್ರೋಗ್ರಾಮು 21 ಚರ್ಮವೈದ್ಯರಿಗೆ ಸರಿಸಾಟಿಯಾಗಿ ನಿಂತಿತ್ತು ನಿಜ. ಆದರೆ 2022ರಲ್ಲಿ ಬೇರೆ ಬೇರೆ ಮೈಬಣ್ಣದ 656 ಚಿತ್ರಗಳನ್ನು ಒಡ್ಡಿ ನೋಡಿದಾಗ ಪರೀಕ್ಷೆಗಿಳಿದ ಪ್ರೋಗ್ರಾಮುಗಳು ಗಾಢ ಬಣ್ಣದ ಚರ್ಮದ ಮೇಲೆ ಎಡವಿದವು.

ಅಜ್ಜನ ಚಿತ್ರದಲ್ಲಿ ನಮ್ಮ ತಪ್ಪೂ ಇತ್ತು. ಕಾಲು ತೊಳೆಸಿರಲಿಲ್ಲ. ಅಂಗಾಲಿನ ಗೆರೆಗಳಲ್ಲಿ ಕೂತ ಕಪ್ಪು ಮಣ್ಣು ಕ್ಯಾಮೆರಾಗೆ ಬಣ್ಣದ ಗೆರೆಯೇ. ಬಕೆಟ್ ತರಿಸಿ, ಸೋಪು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಒರೆಸಿ ಮತ್ತೆ ಕೂರಿಸಿದೆವು. ಒಡಕಿಗೆ ಗೇರೆಣ್ಣೆ, ಗೋರಂಟಿ ಹಚ್ಚಿದ್ದೀರಾ ಎಂದು ಕೇಳಿದೆವು. ಎರಡೂ ಕಲೆ ಬಿಡುತ್ತವೆ. ಹೆಪ್ಪುಗಟ್ಟಿದ ರಕ್ತವೂ ಹಿಮ್ಮಡಿಯಲ್ಲಿ ಹೀಗೇ ಕಪ್ಪಾಗಿರುತ್ತದೆ. ಅದನ್ನು ಪತ್ತೆ ಮಾಡಲು 15ನೇ ನಂಬರಿನ ಬ್ಲೇಡಿನಲ್ಲಿ ದಪ್ಪ ಚರ್ಮದ ಮೇಲ್ಪದರ ಮೆಲ್ಲಗೆ ಹೆರೆಯಬೇಕು: ರಕ್ತವಾದರೆ ಪುಡಿಯಾಗಿ ಬರುತ್ತದೆ. ಇಲ್ಲಿ ಬರಲಿಲ್ಲ.

ಮುಂದಿನದು ಮಸಿ ಪರೀಕ್ಷೆ, ಐದು ರೂಪಾಯಿಯ ಖರ್ಚೂ ಇಲ್ಲ. ಅಂಗಾಲಿನ ಚರ್ಮ ಶೇಂಗಾ ಬಿತ್ತಲು ಉತ್ತ ಹೊಲದ ಹಾಗೆ, ದಿಂಡು ಮತ್ತು ಸಾಲು. ಸಾಧಾರಣ ಮಚ್ಚೆಯ ಬಣ್ಣ ಹೆಚ್ಚಾಗಿ ತಗ್ಗಿನ ಸಾಲಿನಲ್ಲಿ ಎಳೆ ಎಳೆಯಾಗಿ ಕೂರುತ್ತದೆ. ಮೆಲನೋಮದ ಬಣ್ಣ ದಿಂಡಿನ ಮೇಲೆ ಪಟ್ಟಿ ಪಟ್ಟಿಯಾಗಿ ಹರಡುತ್ತದೆ. ಜಪಾನಿನ ವೈದ್ಯರು ಎತ್ತಿ ತೋರಿಸಿದ ಈ ಗುರುತು ಅಂಗಾಲಿನ ಮಟ್ಟಿಗೆ ಬಹಳ ನಂಬಿಕಸ್ತ. ಯಾವುದು ದಿಂಡು, ಯಾವುದು ಸಾಲು ಎಂದು ಗೊಂದಲವಾದರೆ ಪೆನ್ನಿನ ಮಸಿ ಸವರಿ ಒರೆಸಿಬಿಡುವುದು. ಮಸಿ ಸಾಲಿನಲ್ಲಷ್ಟೇ ಉಳಿಯುತ್ತದೆ. ದಿಂಡಿನ ನೆತ್ತಿಯಲ್ಲಿ ಬೆವರುರಂಧ್ರಗಳ ಬಿಳಿ ಚುಕ್ಕೆಗಳೂ ಮಣಿಸರದ ಹಾಗೆ ಕಾಣುತ್ತವೆ. ಅಜ್ಜನ ಹಿಮ್ಮಡಿಯಲ್ಲಿ ಕಂದು ಪಟ್ಟಿಗಳು ಮಸಿಗೆರೆಗಳ ನಡುನಡುವೆ, ಬಿಳಿ ಚುಕ್ಕೆಗಳ ಮೇಲೇ ಹಾದಿದ್ದವು. ಗುರುತು ಸ್ಪಷ್ಟವಿಲ್ಲದಿದ್ದರೂ ಅಂಗಾಲಿನ ಮಚ್ಚೆ 7 ಮಿಲಿಮೀಟರ್ ದಾಟಿದ್ದರೆ ಬಯಾಪ್ಸಿ (ತುಂಡು ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷೆ) ಮಾಡುವುದು ರೂಢಿ. ಇದು 22.

ಮಸಿ ಹಚ್ಚುವ ಮೊದಲೇ ಚಿತ್ರಗಳನ್ನು ತೆಗೆದಿರಬೇಕು: ಇಡೀ ಪಾದದ್ದೊಂದು, ಅಳತೆ ಪಟ್ಟಿ ಇಟ್ಟು ಹತ್ತಿರದಿಂದೊಂದು, ಪಟ್ಟಿ ಇಲ್ಲದೆ ಒಂದು, ಡರ್ಮೋಸ್ಕೋಪಿನದ್ದು ಎರಡು. ಪಟ್ಟಿ ಇಲ್ಲದ್ದು ಬೇಕಾಗುವುದು ಎಐಗಾಗಿ. ವೈದ್ಯರು ಅನುಮಾನ ಬಂದ ಗಂಟಿನ ಪಕ್ಕದಲ್ಲೇ ಪಟ್ಟಿ ಇಟ್ಟು ಫೋಟೊ ತೆಗೆಯುತ್ತಾರಲ್ಲ, ಅದನ್ನು ನೋಡಿ ನೋಡಿ ಪ್ರೋಗ್ರಾಮು ಪಟ್ಟಿ ಕಂಡರೆ ಕ್ಯಾನ್ಸರ್ ಎನ್ನಲು ಕಲಿತದ್ದು ಸ್ಟ್ಯಾನ್‌ಫರ್ಡಿನವರ ಗಮನಕ್ಕೇ ಬಂದಿತ್ತು. ಪೆನ್ನಿನಿಂದ ಸುತ್ತ ಗೆರೆ ಹಾಕಿದರೂ ಹಾಗೇ ಸುಳ್ಳು ಎಚ್ಚರಿಕೆ ಹೆಚ್ಚುತ್ತದೆ ಎಂದು 2019ರ ಅಧ್ಯಯನವೊಂದು ತೋರಿಸಿದೆ. ತೊಳೆದ ಮೇಲೆ ತೆಗೆದ ಚಿತ್ರಕ್ಕೆ ಮಚ್ಚೆಗೆ 58, ಮೆಲನೋಮಕ್ಕೆ 33 ಅಂಕ ಬಂತು. ಸುಧಾರಿಸಿತು, ಆದರೂ ಸರಿಯಾಗಲಿಲ್ಲ.

ಮಧ್ಯಾಹ್ನದ ಮೇಲೆ ಇನ್ನೆರಡು ಬಂದವು, ಎರಡಕ್ಕೂ ಆ ಏಳು ಡಬ್ಬಿಯಲ್ಲಿ ಸರಿಯಾದ ಜಾಗವಿಲ್ಲ. ಒಬ್ಬ ಅಮ್ಮನಿಗೆ ಸೊಂಟದಲ್ಲಿ ಲಂಗದ ಲಾಡಿ ಕಟ್ಟುವ ಸುತ್ತಿನಲ್ಲೇ ವಾಸಿಯಾಗದ ಹುಣ್ಣು. ಲಾಡಿ ಉಜ್ಜಿ ಕಪ್ಪಾಗುವುದು, ಸಿಪ್ಪೆ ಏಳುವುದು ಊರಿಗೆಲ್ಲ ಇದ್ದದ್ದೇ, ಅದು ಕ್ಯಾನ್ಸರಲ್ಲ. ಅಂಚು ದಪ್ಪಗಾಗಿ ಎದ್ದು ಮುಟ್ಟಿದರೆ ರಕ್ತ ಬರುವ ಹುಣ್ಣು ಮಾತ್ರ ಬೇರೆ ಮಾತು. ಮುಂಬೈಯ ಸಂಶೋಧಕರಾದ ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲೇ ಧೋತಿ ಕಟ್ಟುವ ಸೊಂಟದಲ್ಲಿ ಬರುವ ಕ್ಯಾನ್ಸರನ್ನು ದಾಖಲಿಸಿದ್ದರು. ಸೀರೆಯದ್ದೂ ಅದೇ ಜಾತಿ. ಅಗಲ ಪಟ್ಟಿಯ ಲಂಗ ಉಡಿ, ಕಟ್ಟುವ ಜಾಗ ಮೇಲೆ ಕೆಳಗೆ ಮಾಡುತ್ತಿರಿ ಎಂದು ಉಳಿದವರಿಗೆಲ್ಲ ಹೇಳಿದೆವು. ಇನ್ನೊಬ್ಬರು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಊರಿಗೆ ಮರಳಿದವರು; ಹರೆಯದಲ್ಲಿ ಕಾದ ಮರಳು ಬಿದ್ದು ಸುಟ್ಟ ಮೊಣಕಾಲ ಕೆಳಗಿನ ಕಲೆ ಈಗ ಬಿರಿದು ಹೂಕೋಸಿನಂತೆ ಬೆಳೆಯುತ್ತಿತ್ತು. ಸುಟ್ಟ ಕಲೆಯಲ್ಲಿ ದಶಕಗಳ ಮೇಲೆ ಏಳುವ ಇಂಥ ಕ್ಯಾನ್ಸರ್ ಹುಣ್ಣಿಗೆ ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ.

ಹಾಗಾದರೆ ಎಐ ಬ್ಯಾಗಿನಲ್ಲಿ ಯಾಕೆ? ಮುಖದ ಮೇಲಿನ ಕಪ್ಪು ಬೇಸಲ್ ಸೆಲ್ ಗಂಟುಗಳನ್ನು (ಚರ್ಮದ ಇನ್ನೊಂದು ಬಗೆಯ ಕ್ಯಾನ್ಸರ್) ಅದು ಚೆನ್ನಾಗಿ ಹಿಡಿಯುತ್ತದೆ, ದಣಿಯುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಸಾವಿರ ಜನರಲ್ಲಿ ಒಬ್ಬರಿಗೆ ಕಾಯಿಲೆ ಇದೆ, ಪ್ರೋಗ್ರಾಮು ಇದ್ದವರಲ್ಲೂ ಇಲ್ಲದವರಲ್ಲೂ ನೂರಕ್ಕೆ 90 ಸಲ ಸರಿ ಎಂದಿಟ್ಟುಕೊಳ್ಳೋಣ. ಆ ಒಬ್ಬರು ಸಿಗಬಹುದು, ಜೊತೆಗೆ ಕಾಯಿಲೆಯಿಲ್ಲದ ನೂರು ಜನ ಹೆದರಿಕೊಂಡು ಬಸ್ಸು ಹತ್ತುತ್ತಾರೆ. ಅದಕ್ಕೇ ಎಲ್ಲರಿಗೂ ಹಿಡಿಯದೆ, ಕಣ್ಣಿಗೂ ಪ್ರಶ್ನೆಗೂ ಅನುಮಾನ ಹುಟ್ಟಿಸಿದವರಿಗೆ ಮಾತ್ರ ಹಿಡಿಯುತ್ತೇವೆ. ಅದು ‘ಕ್ಯಾನ್ಸರ್’ ಎಂದರೆ ಕಳಿಸುತ್ತೇವೆ, ‘ಅಲ್ಲ’ ಎಂದರೆ ಆ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕಾಲಿನ ಮೆಲನೋಮ ಹರಡಿದರೆ ತೊಡೆಸಂದಿಯಲ್ಲಿ ಗಡ್ಡೆ ಏಳಬಹುದು; ಅಜ್ಜನಿಗೆ ಅಲ್ಲಿ ಗಡ್ಡೆ ಕೈಗೆ ಸಿಗಲಿಲ್ಲ, ಅಷ್ಟು ಒಳ್ಳೆಯದಾಯಿತು. ಬಯಾಪ್ಸಿ ಶಾಲೆಯಲ್ಲಿ ಮಾಡುವ ಕೆಲಸವಲ್ಲ. ದಾವಣಗೆರೆಗೆ ಕಳಿಸುವ ಚೀಟಿಯಲ್ಲಿ ಚಿತ್ರಗಳ ಜೊತೆ ಬರೆದದ್ದು ಇಷ್ಟು: ಹೆರೆದು ತೆಗೆಯುವುದು ಬೇಡ, ಆಳ ಅಳೆಯಲಾಗುವುದಿಲ್ಲ; ಪೂರ್ತಿ ತೆಗೆಯಲಾಗದಿದ್ದರೆ ಅತಿ ಕಪ್ಪಗೆ, ದಪ್ಪಗಿರುವ ಕಡೆಯಿಂದ ಕೊಬ್ಬಿನ ಪದರ ಬರುವಷ್ಟು ಆಳದ ತುಂಡು; ತುಂಡು ಕೆಡದಂತೆ ಅದರ ಹತ್ತು ಪಟ್ಟಾದರೂ ಫಾರ್ಮಾಲಿನ್ ದ್ರವ; ಹೆಸರಿನ ಚೀಟಿ ಮುಚ್ಚಳಕ್ಕಲ್ಲ, ಬಾಟಲಿಯ ಮೈಗೆ; ಪ್ರಯೋಗಾಲಯದಲ್ಲಿ ದಿಂಡುಗಳಿಗೆ ಅಡ್ಡಲಾಗಿ ಕೊಯ್ಯಲಿ.

“ಕುರಿ ಯಾರ್ ನೋಡ್ಕಂತಾರೆ ಸ್ವಾಮಿ?” ಅಂದರು ಅಜ್ಜ, ಚೀಟಿ ಮಡಚುತ್ತಾ. ಆಶಾ ಅಕ್ಕ ಅವರ ಮೊಮ್ಮಗನ ಫೋನ್ ನಂಬರು ತನ್ನ ಪುಸ್ತಕದಲ್ಲಿ ಬರೆದುಕೊಂಡು, ಸೋಮವಾರ ಮೊದಲ ಬಸ್ಸಿಗೆ ತಾನೇ ಬರುವುದಾಗಿ ಹೇಳಿದಳು.