ಖಾರ್ಟೂಮ್ ಬಿಡುವ ಸಿದ್ಧತೆ

2023ರ ಏಪ್ರಿಲ್ 13ರ ಗುರುವಾರ, ಸುಡಾನಿನ ಉತ್ತರ ಭಾಗದ ಮೆರೋವೆ ವಿಮಾನ ನಿಲ್ದಾಣದ ಬಳಿ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯವರು ಬೀಡುಬಿಟ್ಟಿದ್ದಾರೆಂದೂ ದೇಶದ ಸೈನ್ಯ ಅದನ್ನು ಬಹಿರಂಗವಾಗಿ ಆಕ್ಷೇಪಿಸಿದೆಯೆಂದೂ ಸುದ್ದಿ ಬಂತು. ಆಗ ನಾವು ಖಾರ್ಟೂಮಿಗೆ ಅಂಟಿಕೊಂಡಿರುವ, ನೀಲಿ ನೈಲ್ ನದಿಯ ಆಚೆ ದಡದ ಬಹ್ರಿಯಲ್ಲಿ ವಾಸವಾಗಿದ್ದೆವು. ನಮ್ಮ ಯಜಮಾನರು ಅಲ್ಲಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಿರ್ವಹಣೆ ನೋಡಿಕೊಳ್ಳುತ್ತಿದ್ದರು. ಮಗ ಎರಡನೆಯ ತರಗತಿಯಲ್ಲಿದ್ದ. ಸೈನ್ಯದ ಮುಖ್ಯಸ್ಥ ಬುರ್ಹಾನ್ ಮತ್ತು ಆರ್‌ಎಸ್‌ಎಫ್ ನಾಯಕ ಹೆಮೆದ್ತಿ ಇಬ್ಬರೂ ಕೈಜೋಡಿಸಿಯೇ 2021ರ ಅಕ್ಟೋಬರ್‌ನಲ್ಲಿ ನಾಗರಿಕ ಸರ್ಕಾರವನ್ನು ಕಿತ್ತೊಗೆದಿದ್ದರು. ಈಗ ಆರ್‌ಎಸ್‌ಎಫ್ ಎಷ್ಟು ವರ್ಷದೊಳಗೆ ಸೈನ್ಯದಲ್ಲಿ ವಿಲೀನವಾಗಬೇಕು ಎಂಬುದರಲ್ಲಿ ಅವರ ನಡುವೆ ಒಡಕು ಮೂಡಿತ್ತು: ಸೈನ್ಯ ಎರಡು ವರ್ಷ ಎಂದರೆ ಆರ್‌ಎಸ್‌ಎಫ್ ಹತ್ತು ವರ್ಷ ಎನ್ನುತ್ತಿತ್ತು.

ನಮ್ಮ ಕೆಳಮನೆಯಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಮಗನೊಂದಿಗೆ ಇದ್ದರು. ವಯಸ್ಸಾದ ಹೆಂಗಸರನ್ನು ಅಲ್ಲಿ ಎಲ್ಲರೂ ಹಾಜ್ಜಾ ಎಂದು ಕರೆಯುವುದರಿಂದ ನಾವೂ ಹಾಗೆಯೇ ಕರೆಯುತ್ತಿದ್ದೆವು. ಆ ಸಂಜೆ ಅವರು ಮೇಲೆ ಬಂದು, ಮನೆಯಲ್ಲಿ ಎಷ್ಟು ಪಾತ್ರೆಗಳಿವೆಯೋ ಅಷ್ಟಕ್ಕೂ ನೀರು ತುಂಬಿಸು ಮಗಳೇ, ಇವರಿಬ್ಬರೂ ಸುಮ್ಮನೆ ಕೂರುವವರಲ್ಲ ಎಂದರು. ಅವರ ಮಗ ಬಡಾವಣೆಯ ಯುವಕರ ಪ್ರತಿರೋಧ ಸಮಿತಿಯಲ್ಲಿದ್ದ. ಹಳೆಯ ಸರ್ವಾಧಿಕಾರದ ವಿರುದ್ಧದ ಚಳವಳಿಯ ಕಾಲದಲ್ಲಿ ಓಣಿ ಓಣಿಯಲ್ಲಿ ಹುಟ್ಟಿಕೊಂಡಿದ್ದ ಈ ಸಮಿತಿಗಳಿಗೆ ಯಾವ ಸೇತುವೆಯ ಮೇಲೆ ಯಾರ ಗಾಡಿ ನಿಂತಿದೆ ಎಂಬುದು ಪತ್ರಿಕೆಗಳಿಗಿಂತ ಮೊದಲೇ ತಿಳಿಯುತ್ತಿತ್ತು.

ಸಿದ್ಧತೆ ಎಂದರೆ ಅಕ್ಕಿ, ಬೇಳೆಗಳ ಮೂಟೆ ಪೇರಿಸುವುದು ಎಂದು ತಿಳಿದವರು ಬಹಳ. ನಮಗೆ 2021ರ ಕ್ಷಿಪ್ರಕ್ರಾಂತಿಯೇ ಬೇರೆ ಪಾಠ ಕಲಿಸಿತ್ತು. ಆಗ ಮೂರು ವಾರಗಳಿಗೂ ಹೆಚ್ಚು ಕಾಲ ಇಂಟರ್ನೆಟ್ ಕಡಿದುಹೋಗಿ, ಎಲ್ಲರೂ ವ್ಯವಹಾರಕ್ಕೆ ನೆಚ್ಚಿದ್ದ ಬ್ಯಾಂಕಿನ ಆ್ಯಪ್ ಕೆಲಸಕ್ಕೆ ಬಾರದಂತಾಗಿತ್ತು. ಖಾತೆಯಲ್ಲಿ ಹಣವಿದ್ದವರೂ ರೊಟ್ಟಿ ಅಂಗಡಿಯ ಮುಂದೆ ಬರಿಗೈಯಲ್ಲಿ ನಿಂತಿದ್ದರು. ಅಂದಿನಿಂದ ನಾವು ಸಣ್ಣ ಮುಖಬೆಲೆಯ ಸುಡಾನಿ ನೋಟುಗಳನ್ನೂ ಮಡಿಕೆ ಬೀಳದ ಒಂದಿಷ್ಟು ಡಾಲರುಗಳನ್ನೂ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಗುರುವಾರ ರಾತ್ರಿ ಆ ಹಣವನ್ನು ಹಂಚಿ ಬೇರೆ ಬೇರೆ ಕಡೆ ಇಟ್ಟೆ. ಒಂದೇ ಕಡೆ ಇಟ್ಟ ಹಣ ಒಂದೇ ತಪಾಸಣೆಯಲ್ಲಿ ಹೋಗಿಬಿಡುತ್ತದೆ.

ಹಣಕ್ಕಿಂತ ಹೆಚ್ಚು ಚಿಂತೆ ನಮಗಿದ್ದುದು ಕಾಗದಪತ್ರಗಳದ್ದು. ವಾಸದ ಪರವಾನಗಿ ನವೀಕರಣಕ್ಕೆಂದು ಯಜಮಾನರ ಪಾಸ್‌ಪೋರ್ಟು ಕಂಪನಿಯ ಕಚೇರಿಯಲ್ಲಿತ್ತು. ಗುರುವಾರ ಸಂಜೆ ಕಚೇರಿ ಮುಚ್ಚುವ ಮೊದಲು ಹೋಗಿ, ನವೀಕರಣ ತಡವಾದರೂ ಚಿಂತೆಯಿಲ್ಲವೆಂದು ಹೇಳಿ ಅದನ್ನು ತಂದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಹಲವರ ಪಾಸ್‌ಪೋರ್ಟುಗಳು ಅಲ್ಲಿನ ತಿಜೋರಿಯಲ್ಲೇ ಉಳಿದವು. ಎರಡು ದಿನಗಳ ನಂತರ ಆ ಬೀದಿಗೆ ಕಾಲಿಡುವುದೇ ಸಾಧ್ಯವಿರಲಿಲ್ಲ. ಕೆಲಸಗಾರನ ಪಾಸ್‌ಪೋರ್ಟನ್ನು ಕಂಪನಿ ತನ್ನ ಬಳಿ ಇಟ್ಟುಕೊಳ್ಳುವ ಪದ್ಧತಿಯ ಬಗ್ಗೆ ನನಗೆ ಇಂದಿಗೂ ತಡೆಯಲಾರದ ಸಿಟ್ಟಿದೆ. ಮೂರು ಪಾಸ್‌ಪೋರ್ಟು, ಮಗನ ಜನನ ಪ್ರಮಾಣಪತ್ರ, ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಹಳದಿ ಬಣ್ಣದ ಚೀಟಿ, ಇವಿಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಒಳಲಂಗದ ಜೇಬಿಗೆ ಹೊಲಿದುಕೊಂಡೆ.

ನಾನು ಗದಗಿನ ಕಡೆಯವಳು. ಸುಡಾನಿನ ಜನರ ಮುಖ್ಯ ಆಹಾರವಾದ ದುರಾ ನಮ್ಮ ಜೋಳವೇ. ಶುಕ್ರವಾರ ಇಡೀ ದಿನ ಅದರ ಹಿಟ್ಟಿನಲ್ಲಿ ರೊಟ್ಟಿ ಬಡಿದು, ಹೆಂಚಿನ ಮೇಲೆ ಬೇಯಿಸಿ, ತಾರಸಿಯ ಬಿಸಿಲಿಗೆ ಒಣಗಿಸಿ ಖಡಕ್ ಮಾಡಿದೆ. ಖಾರ್ಟೂಮಿನಲ್ಲಿ ಏಪ್ರಿಲ್ ಬಿಸಿಲು 40 ಡಿಗ್ರಿ ಮುಟ್ಟುವುದರಿಂದ ಒಣಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಶೇಂಗಾ ಅಲ್ಲಿ ಹೇರಳವಾಗಿ ಬೆಳೆಯುವ ಬೆಳೆ. ಅದನ್ನು ಹುರಿದು ಬೆಳ್ಳುಳ್ಳಿ, ಖಾರದ ಪುಡಿ ಹಾಕಿ ಚಟ್ನಿ ಕುಟ್ಟಿಟ್ಟೆ. ಜಾತ್ರೆಗೆ, ದೂರದ ಹೊಲಕ್ಕೆ ಹೊರಡುವಾಗ ನಮ್ಮ ಅವ್ವ ಕಟ್ಟಿಕೊಡುತ್ತಿದ್ದ ಬುತ್ತಿ ಇದೇ. ಇದಕ್ಕೆ ಬೆಂಕಿ ಬೇಡ, ತಂಗಳುಪೆಟ್ಟಿಗೆ ಬೇಡ, ಎರಡು ರೊಟ್ಟಿ ತಿಂದರೆ ಅರ್ಧ ದಿನ ಹಸಿವು ಸುಳಿಯುವುದಿಲ್ಲ. ಗ್ಯಾಸ್ ಸಿಲಿಂಡರನ್ನು ನೀರು ಕಾಯಿಸುವುದಕ್ಕೆಂದೇ ಮೀಸಲಿಟ್ಟೆವು.

ಶನಿವಾರ ಬೆಳಿಗ್ಗೆ ಗುಂಡಿನ ಸದ್ದು ಕೇಳಿದಾಗ ಮಗ ಇನ್ನೂ ಮಲಗಿದ್ದ. ಸದ್ದು ನದಿಯಾಚೆಯ ವಿಮಾನ ನಿಲ್ದಾಣದ ಕಡೆಯಿಂದ ಬರುತ್ತಿದೆಯೆಂದು ಮೊದಲು ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ನಮ್ಮ ಓಣಿಯ ತುದಿಯಿಂದಲೂ ಬರತೊಡಗಿತು. ಹಾಸಿಗೆಗಳನ್ನು ಕಿಟಕಿಯಿಲ್ಲದ ನಡುಮನೆಗೆ ಎಳೆದು, ಗೋಡೆಗೆ ಬೀರು ಒರಗಿಸಿ ಅಲ್ಲೇ ಕುಳಿತೆವು. ಅದೇ ದಿನ ಕೇರಳದ ಮಾಜಿ ಸೈನಿಕರೊಬ್ಬರು ತಮ್ಮ ಫ್ಲಾಟಿನ ಕಿಟಕಿಯ ಬಳಿ ಇದ್ದಾಗ ಗುಂಡು ತಗುಲಿ ತೀರಿಕೊಂಡರು. ಆ ಸುದ್ದಿ ತಿಳಿದ ಮೇಲೆ ಮಗನನ್ನು ಕಿಟಕಿಯತ್ತ ಸುಳಿಯಗೊಡಲಿಲ್ಲ.

ಬಹ್ರಿಯ ನೀರು ಶುದ್ಧೀಕರಣ ಘಟಕ ಹೋರಾಟ ಆರಂಭವಾದ ದಿನವೇ ನಿಂತುಹೋಯಿತು. ಎರಡು ನದಿಗಳು ಕೂಡುವ ಊರಿನಲ್ಲಿ ನಲ್ಲಿ ಒಣಗಿತು. ನಮ್ಮ ತಾರಸಿಯ ಟ್ಯಾಂಕು, ಬಕೆಟ್ಟು, ಬಟ್ಟೆ ಒಗೆಯುವ ಯಂತ್ರದ ತೊಟ್ಟಿ, ಕುಕ್ಕರು ಎಲ್ಲದರಲ್ಲೂ ನೀರಿತ್ತು. ಅದನ್ನು ಕುಡಿಯುವುದಕ್ಕೆ, ಅಡುಗೆಗೆ, ಪಾಯಖಾನೆಗೆ ಎಂದು ಬೇರ್ಪಡಿಸಿ, ಪಾತ್ರೆ ತೊಳೆದ ನೀರನ್ನು ಪಾಯಖಾನೆಗೆ ಬಳಸಿದೆವು. ಆ ಸೆಕೆಯಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಕುಡಿಯಲೆಂದೇ ಮೂರು ಲೀಟರಿಗೆ ಕಡಿಮೆಯಾದರೆ ಮಗನಿಗೆ ತಲೆನೋವು ಬರುತ್ತಿತ್ತು. ಹಾಜ್ಜಾ ಅವರ ಗೇಟಿನ ಹೊರಗೆ, ಬೇವಿನ ಮರದ ನೆರಳಲ್ಲಿ, ದಾರಿಹೋಕರಿಗೆಂದು ಸದಾ ತುಂಬಿಡುತ್ತಿದ್ದ ಜೀರ್ ಎಂಬ ದೊಡ್ಡ ಮಣ್ಣಿನ ಮಡಿಕೆಯಿತ್ತು. ಅದನ್ನು ಅವರು ಒಳಗೆ ತೆಗೆದುಕೊಳ್ಳಲಿಲ್ಲ. ಎರಡು ಮನೆಗಳ ನೀರಿನಲ್ಲಿ ಅದಕ್ಕೂ ಒಂದು ಪಾಲು ಹೋಗುತ್ತಿತ್ತು. ಅದನ್ನು ಕುಡಿದವರಲ್ಲಿ ಬಂದೂಕು ಹಿಡಿದವರೂ ಇದ್ದರು. ನಮ್ಮ ನೀರು ಮುಗಿಯುತ್ತ ಬಂದಾಗ ಅವರ ಮಗ ಮತ್ತು ಸಮಿತಿಯ ಹುಡುಗರು ಗುಂಡಿನ ಸದ್ದು ತಗ್ಗಿದ ಹೊತ್ತು ನೋಡಿ ಕತ್ತೆಗಾಡಿಯಲ್ಲಿ ನೈಲ್ ನದಿಯ ನೀರು ತಂದರು. ಕೆಸರು ನೀರಿಗೆ ಪಟಿಕದ ಕಲ್ಲು ಆಡಿಸಿ, ತಿಳಿಯಾದ ಮೇಲೆ ಬಟ್ಟೆಯಲ್ಲಿ ಸೋಸಿ, ಕುದಿಸಿ ಕುಡಿದೆವು. ನಾವು ಎಷ್ಟೇ ಲೆಕ್ಕ ಹಾಕಿ ಕೂಡಿಟ್ಟಿದ್ದರೂ, ಆ ಹುಡುಗರಿಲ್ಲದಿದ್ದರೆ ಹಬ್ಬದವರೆಗೆ ನಮ್ಮ ನೀರು ಬರುತ್ತಿರಲಿಲ್ಲ.

ರಂಜಾನ್ ತಿಂಗಳ ಕೊನೆಯ ದಿನಗಳವು. ಉಳಿದ ವರ್ಷಗಳಲ್ಲಿ ಸಂಜೆಯಾದರೆ ಇಡೀ ಓಣಿಯ ಗಂಡಸರು ರಸ್ತೆಯಲ್ಲೇ ಚಾಪೆ ಹಾಸಿ, ಹೋಗಿಬರುವವರನ್ನು ತಡೆದು ಕೂರಿಸಿ ಉಪವಾಸ ಮುರಿಯುತ್ತಿದ್ದರು. ಆ ವರ್ಷ ನಮ್ಮ ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ ಎರಡು ಮನೆಯವರೂ ಕೂತು, ಅವರ ಖರ್ಜೂರ, ನಮ್ಮ ರೊಟ್ಟಿ ಚಟ್ನಿ ಹಂಚಿಕೊಂಡೆವು. ಏಪ್ರಿಲ್ 21ರಂದು ಹಬ್ಬವೂ ಹಾಗೆಯೇ ಕಳೆಯಿತು.

ಯಾವಾಗ ಹೊರಡಬೇಕು ಎಂಬುದು ಎಲ್ಲಕ್ಕಿಂತ ಕಷ್ಟದ ತೀರ್ಮಾನ. ಮನೆಯೊಳಗೇ ಇರಿ, ಇದ್ದುದನ್ನು ಹಿತಮಿತವಾಗಿ ಬಳಸಿ ಎಂದು ನಮ್ಮ ರಾಯಭಾರ ಕಚೇರಿ ಹೇಳುತ್ತಿತ್ತು. ಮೊದಲ ದಿನಗಳಲ್ಲಿ ಅದು ಸರಿಯಾದ ಮಾತೇ ಆಗಿತ್ತು. ಕೆಂಪು ಸಮುದ್ರದ ಬಂದರಾದ ಪೋರ್ಟ್ ಸುಡಾನ್‌ನಿಂದ ಸೌದಿ ಹಡಗುಗಳು ಜನರನ್ನು ಕರೆದೊಯ್ದವು, ಅವರಲ್ಲಿ ಕೆಲವು ಭಾರತೀಯರೂ ಇದ್ದರು ಎಂಬ ಸುದ್ದಿ 22ರಂದು ಬಂದಾಗ, ವಿಮಾನ ನಿಲ್ದಾಣ ಮುಚ್ಚಿದ ಈ ದೇಶದಿಂದ ಹೊರಬೀಳುವ ದಾರಿ ಸಮುದ್ರದ್ದು ಎಂಬುದು ಖಚಿತವಾಯಿತು. ಆದರೆ ಹಡಗಿಗೂ ನಮಗೂ ನಡುವೆ 800 ಕಿಲೋಮೀಟರಿಗೂ ಮೀರಿದ ಮರುಭೂಮಿಯ ರಸ್ತೆಯಿತ್ತು. ಅಟ್ಬರಾ ಮಾರ್ಗ ಬಹ್ರಿಯಿಂದಲೇ ಉತ್ತರಕ್ಕೆ ಹೊರಡುವುದರಿಂದ ನಾವು ಸೇತುವೆ ದಾಟಬೇಕಿರಲಿಲ್ಲ ಎಂಬುದೊಂದೇ ನಮಗಿದ್ದ ಅನುಕೂಲ. ಸುತ್ತಮುತ್ತಲಿನ ಭಾರತೀಯ ಕುಟುಂಬಗಳು ಸೇರಿ ಬಸ್ಸೊಂದನ್ನು ಗೊತ್ತುಮಾಡಿದೆವು. ಚಾಲಕ ಕೇಳಿದ ಬಾಡಿಗೆ ಎಂದಿನದಕ್ಕೆ ಹಲವು ಪಟ್ಟು, ಅದೂ ಡಾಲರಿನಲ್ಲಿ. ಡೀಸೆಲ್ ಕಾಳಸಂತೆಯಲ್ಲೂ ಸಿಗದ ಸ್ಥಿತಿಯಲ್ಲಿ ಅವನನ್ನು ದೂರುವಂತಿರಲಿಲ್ಲ.

ಹೊರಡುವಾಗ ಒಬ್ಬೊಬ್ಬರಿಗೆ ಹೆಗಲಿಗೇರಿಸುವ ಒಂದೇ ಚೀಲ. ಉಳಿದ ಅಕ್ಕಿ, ಬೇಳೆ, ಎಣ್ಣೆ, ಸಿಲಿಂಡರುಗಳನ್ನು ಹಾಜ್ಜಾ ಅವರಿಗೆ ಕೊಟ್ಟು ಬೀಗದ ಕೈಯನ್ನೂ ಅವರ ಕೈಗಿಟ್ಟೆ. ನೀವೂ ಬನ್ನಿ ಎನ್ನುವ ಮಾತು ಬಾಯಿತನಕ ಬಂದಿತ್ತು; ಅವರ ಪಾಸ್‌ಪೋರ್ಟಿಗೆ ಯಾವ ಹಡಗೂ ಬರುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಬಹ್ರಿಯಿಂದ ಜೈಲಿಯ ತೈಲ ಶುದ್ಧೀಕರಣಾಗಾರದವರೆಗಿನ ರಸ್ತೆಯುದ್ದಕ್ಕೂ ಆರ್‌ಎಸ್‌ಎಫ್ ಕಾವಲುಗಳಿದ್ದವು. ಒಂದು ಕಡೆ ಮೀಸೆಯೂ ಸರಿಯಾಗಿ ಮೂಡದ ಹುಡುಗನೊಬ್ಬ ಬಂದೂಕು ಹಿಡಿದು ಬಸ್ಸು ಹತ್ತಿದ. ಗಂಡಸರ ಫೋನುಗಳನ್ನು ಕೇಳಿ ಪಡೆದ. ಒಳ್ಳೆಯವನ್ನು ಇಟ್ಟುಕೊಂಡು ಹಳೆಯವನ್ನು ಮರಳಿಸಿದ. ನನ್ನ ಮಡಿಲಿನಲ್ಲಿದ್ದ ರೊಟ್ಟಿಯ ಡಬ್ಬಿಯನ್ನು ತೆರೆಯುವಂತೆ ಸನ್ನೆ ಮಾಡಿದ. ಅದರ ತಳದ ಕಾಗದದ ಕೆಳಗೆ ನಮ್ಮ ಡಾಲರುಗಳಿದ್ದವು. ಅವನು ಮೇಲಿನ ರೊಟ್ಟಿಯ ಚೂರು ಮುರಿದು ಬಾಯಿಗೆ ಹಾಕಿ, ಇದು ದುರಾ ಅಲ್ಲವೇ ಎಂದು ಕೇಳಿದ. ಹೌದು, ನಮ್ಮ ಊರಲ್ಲೂ ಇದನ್ನೇ ತಿನ್ನುತ್ತೇವೆ ಎಂದೆ. ಇನ್ನೊಂದು ರೊಟ್ಟಿ ತೆಗೆದು ಜೇಬಿಗಿಟ್ಟುಕೊಂಡು, ಡಬ್ಬಿಯ ಮುಚ್ಚಳವನ್ನು ತಾನೇ ಹಾಕಿ ಮುಂದಿನ ಸೀಟಿಗೆ ಹೋದ. ಮಗ ನನ್ನ ತೋಳನ್ನು ಹಿಡಿದಿದ್ದ ಜಾಗದಲ್ಲಿ ಉಗುರಿನ ಗುರುತು ಮೂಡಿತ್ತು.

ಶೆಂದಿಯ ನಂತರ ಸೈನ್ಯದ ಕಾವಲು. ಅಟ್ಬರಾದಲ್ಲಿ ಸ್ವಲ್ಪ ವಿರಾಮ. ಅಲ್ಲಿಂದ ಮುಂದೆ ಹೈಯಾದವರೆಗೆ ಬರಿಯ ಮರಳು, ಆಮೇಲೆ ಬೋಳು ಬೆಟ್ಟಗಳು. ಪೋರ್ಟ್ ಸುಡಾನ್ ತಲುಪಿದಾಗ ಅಲ್ಲಿ ಆಗಲೇ ಸುಮಾರು 500 ಭಾರತೀಯರು ಸೇರಿದ್ದರು. ಸುಡಾನಿನಲ್ಲಿದ್ದ ಸುಮಾರು 2,800 ಭಾರತೀಯ ಪ್ರಜೆಗಳ ಜೊತೆಗೆ, ನೂರೈವತ್ತು ವರ್ಷಗಳಿಂದ ಅಲ್ಲೇ ನೆಲೆಸಿದ ಭಾರತೀಯ ಮೂಲದ ಸುಮಾರು 1,200 ಜನರೂ ಇದ್ದರು. ಅಂಥ ಹಳೆಯ ಗುಜರಾತಿ ಮನೆತನದ ತಾಯಿಯೊಬ್ಬರು ಬಂದರಿನ ಬಳಿ ಮಕ್ಕಳಿಗೆ ಖಿಚಡಿ ಬಡಿಸುತ್ತಿದ್ದರು. ನೀವು ಹೊರಡುವುದಿಲ್ಲವೇ ಎಂದು ಕೇಳಿದರೆ, ಮುತ್ತಜ್ಜನ ಕಾಲದಿಂದ ಇಲ್ಲೇ ಇದ್ದೇವೆ, ಯಾವ ಊರಿಗೆ ಹೋಗಲಿ ಎಂದರು.

ಭಾರತ ಸರ್ಕಾರ ತನ್ನ ಕಾರ್ಯಾಚರಣೆಗೆ ನಮ್ಮ ಕಾವೇರಿಯ ಹೆಸರಿಟ್ಟಿತ್ತು. 25ರಂದು ನೌಕಾಪಡೆಯ ಐಎನ್‌ಎಸ್ ಸುಮೇಧಾ 278 ಜನರನ್ನು ಹೊತ್ತು ಜೆದ್ದಾಕ್ಕೆ ಹೊರಟಿತು, ಅವರಲ್ಲಿ ನಾವೂ ಇದ್ದೆವು. ಕಾವಲಿಗೆಂದು ಕಟ್ಟಿದ ಯುದ್ಧನೌಕೆಯದು, ಪ್ರಯಾಣಿಕರಿಗೆ ಕೋಣೆಗಳಿಲ್ಲ. ನಾವಿಕರು ತಮ್ಮ ಊಟದ ಕೋಣೆಯನ್ನು ಹೆಂಗಸರಿಗೂ ಮಕ್ಕಳಿಗೂ ಬಿಟ್ಟುಕೊಟ್ಟು, ಗಂಡಸರನ್ನು ಮೇಲಿನ ಡೆಕ್ಕಿನಲ್ಲಿ ಕೂರಿಸಿದರು. ಮಕ್ಕಳ ಎದೆಗೆ ಜೀವರಕ್ಷಕ ಕವಚ ಕಟ್ಟುವಾಗ ಒಬ್ಬ ನಾವಿಕ ಪ್ರತಿ ಮಗುವಿನ ಪಟ್ಟಿಯನ್ನೂ ಎರಡೆರಡು ಸಲ ಎಳೆದು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಬಿಸಿ ಅನ್ನ, ದಾಲ್ ಕೊಟ್ಟರು. ಕೆಂಪು ಸಮುದ್ರದ ಆ 300 ಕಿಲೋಮೀಟರಿನಷ್ಟು ದೂರದಲ್ಲಿ ಹಲವರು ವಾಂತಿ ಮಾಡಿಕೊಂಡರು. ಉಪ್ಪು, ಸಕ್ಕರೆ ಬೆರೆಸಿದ ನೀರಿನ ನನ್ನ ಬಾಟಲಿ ಆ ಕೋಣೆಯಲ್ಲಿ ಕೈಯಿಂದ ಕೈಗೆ ಹೋಯಿತು.

ಜೆದ್ದಾದ ಭಾರತೀಯ ಶಾಲೆಯ ಕೋಣೆಗಳಲ್ಲಿ ನಮಗೆ ತಂಗಲು ವ್ಯವಸ್ಥೆಯಾಗಿತ್ತು. ಪಾಸ್‌ಪೋರ್ಟು ಕಳೆದುಕೊಂಡು ಬಂದವರಿಗೆ ತುರ್ತು ಪ್ರಯಾಣ ಪತ್ರ ಕೊಡುತ್ತಿದ್ದರು. ಬೆಂಗಳೂರಿನ ವಿಮಾನಕ್ಕೆ ಕಾಯುತ್ತಿದ್ದಾಗ ಹಿಂದಿನಿಂದ ಕನ್ನಡ ಕೇಳಿ ತಿರುಗಿದರೆ, ಹಕ್ಕಿಪಿಕ್ಕಿ ಸಮುದಾಯದ ಕುಟುಂಬಗಳು. ಹುಣಸೂರು, ಶಿವಮೊಗ್ಗ, ಚನ್ನಗಿರಿಯ ಕಡೆಯಿಂದ ಗಿಡಮೂಲಿಕೆ, ಕೇಶತೈಲ ಮಾರಲು ಆಫ್ರಿಕಾದ ದೇಶಗಳಿಗೆ ಹೋಗುವವರು ಅವರು. ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ಒಬ್ಬಳು ಹೇಳಿದಳು: “ಅಕ್ಕಾ, ಎದ್ದು ಹೋಗೋಕೆ ನಾವು ಯಾವಾಗ್ಲೂ ತಯಾರು. ಸಾಮಾನು ಬಿಟ್ಟು ಬಂದದ್ದಕ್ಕೆ ಅಳು ಬರಲ್ಲ, ಸಾಮಾನಿಗೆ ಮಾಡಿದ ಸಾಲ ನೆನೆಸ್ಕೊಂಡ್ರೆ ನಿದ್ದೆ ಬರಲ್ಲ.” ನಮಗೆ ಸಂಬಳದ ಕೆಲಸ ಹೋಗಿತ್ತು, ಅವರಿಗೆ ಬಡ್ಡಿ ಓಡುತ್ತಿತ್ತು. 28ರಂದು ಬೆಂಗಳೂರಿನಲ್ಲಿ ಇಳಿದಾಗ ಹಳದಿ ಜ್ವರದ ಲಸಿಕೆಯ ಚೀಟಿ ಇಲ್ಲದವರನ್ನು ಮನೆಗೆ ಬಿಡದೆ ಪ್ರತ್ಯೇಕವಾಗಿ ಇರಿಸಿದರು. ಜೇಬಿನ ಹೊಲಿಗೆ ಬಿಚ್ಚಿ ನಮ್ಮ ಚೀಟಿಗಳನ್ನು ತೋರಿಸಿ ನಾವು ಹೊರಬಂದೆವು. ಮೇ ಆರಂಭದಲ್ಲಿ ಕಾರ್ಯಾಚರಣೆ ಮುಗಿಯುವ ಹೊತ್ತಿಗೆ 3,862 ಜನರನ್ನು ಕರೆತಂದಿದ್ದರು.

ಹಾಜ್ಜಾ ಅವರು ಮೇ ತಿಂಗಳಲ್ಲಿ ಮಗನೊಂದಿಗೆ ಈಜಿಪ್ಟಿನ ಗಡಿಯತ್ತ ಹೊರಟರು. ಆಗಿನ ನಿಯಮದಂತೆ ಹೆಂಗಸರು, ಮಕ್ಕಳು, ಐವತ್ತು ದಾಟಿದ ಗಂಡಸರು ವೀಸಾ ಇಲ್ಲದೆ ದಾಟಬಹುದಿತ್ತು; ಮಗನ ವಯಸ್ಸಿನವರು ಗಡಿಯ ಈಚೆಗಿನ ವಾದಿ ಹಲ್ಫಾ ಊರಿನಲ್ಲಿ ವೀಸಾಕ್ಕೆ ಕಾಯಬೇಕಿತ್ತು. ಅವನನ್ನು ಬಿಟ್ಟು ದಾಟಲು ಅವರು ಒಪ್ಪಲಿಲ್ಲ. ಜೂನ್ 10ರಿಂದ ಎಲ್ಲರಿಗೂ ವೀಸಾ ಕಡ್ಡಾಯವಾಯಿತು. ಇಬ್ಬರೂ ಅಟ್ಬರಾದ ಬಂಧುಗಳ ಮನೆಗೆ ಮರಳಿದರು. 2025ರ ಮಾರ್ಚ್‌ನಲ್ಲಿ ಸೈನ್ಯ ಖಾರ್ಟೂಮನ್ನು ಮತ್ತೆ ವಶಪಡಿಸಿಕೊಂಡ ಮೇಲೆ ಮಗ ಬಹ್ರಿಗೆ ಹೋಗಿ ನೋಡಿ ಬಂದ. ಗೋಡೆಗಳಿವೆ, ವಿದ್ಯುತ್ ತಂತಿಗಳನ್ನು ಗೋಡೆಯೊಳಗಿಂದಲೇ ಕಿತ್ತೊಯ್ದಿದ್ದಾರೆ, ನಮ್ಮ ತಾರಸಿಯ ಟ್ಯಾಂಕಿನಲ್ಲಿ ಗುಂಡಿನ ತೂತುಗಳಿವೆ ಎಂದು ಬರೆದಿದ್ದ. ಓಣಿಯ ಹುಡುಗರು ಈಗ ಕೊಳವೆಬಾವಿಗೆ ಸೌರವಿದ್ಯುತ್ತಿನ ಪಂಪು ಕೂರಿಸಲು ಹಣ ಸೇರಿಸುತ್ತಿದ್ದಾರೆ. ಯಜಮಾನರು ಪಂಪಿನ ಅಳತೆ, ಬಾವಿಯ ಆಳ ಕೇಳಿ ತಿಳಿದು ಎಷ್ಟು ಫಲಕ ಬೇಕೆಂದು ಲೆಕ್ಕ ಮಾಡಿ ಕಳುಹಿಸಿದರು. ನಮ್ಮ ಪಾಲಿನ ಹಣವನ್ನೂ ಕಳುಹಿಸಿದ್ದೇವೆ. ಫಲಕಗಳು ಬಂದಿವೆ, ಮೋಟಾರಿಗೆ ಇನ್ನೂ ಹಣ ಸಾಲದು.