ನೂರು ಪರ್ಸೆಂಟ್ ಆದ್ಮೇಲೆ ಏನಾಗ್ತಿದೆ?

ನಮ್ಮ ಆಪ್‌ನಲ್ಲಿ ಒಂದು ಪೇಜ್ ಇದೆ, ದೊಡ್ಡ ಎಕ್ಸೆಲ್ ಫೈಲ್ ಹಾಕಿದ್ರೆ ಸರ್ವರ್ ಒಂದೊಂದೇ ಸಾಲು ಚೆಕ್ ಮಾಡಿ ಡೇಟಾಬೇಸ್‌ಗೆ ಸೇರಿಸುತ್ತೆ. ಅದನ್ನ ದಿನಾ ಬಳಸೋ ಅಕೌಂಟ್ಸ್ ಮೇಡಂ ಒಬ್ರು "ಒಂದೇ ಎಂಟ್ರಿ ಎರಡೆರಡು ಸಲ ಬರ್ತಿದೆ ನೋಡಿ ಸರ್" ಅಂದ್ರು. ಲಾಗ್ ಆಮೇಲೆ ನೋಡೋಣ ಅಂತ ಅವರ ಪಕ್ಕದಲ್ಲೇ ಒಂದು ಚೇರ್ ಎಳ್ಕೊಂಡು ಕೂತೆ.

ಫೈಲ್ ಹಾಕಿದ್ರು, ಎಷ್ಟು ಪರ್ಸೆಂಟ್ ಆಯ್ತು ಅಂತ ತೋರಿಸೋ ಬಾರ್ ಸರಸರ ಅಂತ ನೂರಕ್ಕೆ ಹೋಯ್ತು, ಅಲ್ಲೇ ನಿಂತ್ಬಿಡ್ತು. ಅವರು ಕಾದ್ರು, ಮೌಸ್ ಆಡಿಸಿದ್ರು, "ಹ್ಯಾಂಗ್ ಆಯ್ತು ಅನ್ಸುತ್ತೆ" ಅಂತ ರಿಫ್ರೆಶ್ ಹೊಡೆದು ಅದೇ ಫೈಲ್ ಮತ್ತೆ ಹಾಕಿದ್ರು, ಅಷ್ಟರಲ್ಲಿ ಹಿಂದೆ ಸರ್ವರ್ ಮೊದಲನೇ ಫೈಲಿನ ಕೆಲಸ ಇನ್ನೂ ಮಾಡ್ತಾನೇ ಇತ್ತು. ಅವರ ತಪ್ಪು ಒಂಚೂರೂ ಇಲ್ಲ. ಬ್ರೌಸರ್‌ನಿಂದ ಫೈಲ್ ಕಳಿಸೋಕೆ ನಾವು ಬಳಸೋ ಎಕ್ಸ್‌ಎಚ್‌ಆರ್‌ನ (XMLHttpRequest) ಅಪ್‌ಲೋಡ್ ಪ್ರೋಗ್ರೆಸ್ ಇವೆಂಟ್ ಹೇಳೋದು ಬ್ರೌಸರ್‌ನಿಂದ ಎಷ್ಟು ಬೈಟ್ ಹೊರಟ್ವು ಅಂತ ಮಾತ್ರ, ಆಮೇಲಿನ ಕೆಲಸದ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಆದ್ರೆ ಸ್ಕ್ರೀನ್ ನೋಡೋರಿಗೆ ನೂರು ಅಂದ್ರೆ ಮುಗೀತು ಅಂತಾನೇ ಅರ್ಥ.

ಟೀಮ್‌ನಲ್ಲಿ ಒಬ್ರು, ಬಾರ್ ತೊಂಬತ್ತರವರೆಗೆ ನಿಧಾನಕ್ಕೆ ತಾನಾಗೇ ಹೋಗೋ ಥರ ಮಾಡ್ಬಿಡೋಣ, ಜನ ಸುಮ್ನೆ ಕಾಯ್ತಾರೆ ಅಂದ್ರು. ನಾನು ಒಪ್ಲಿಲ್ಲ. ಹತ್ತು ಸೆಕೆಂಡ್ ದಾಟಿದ್ರೆ ಜನರ ಗಮನ ಬೇರೆ ಕಡೆ ಹೋಗುತ್ತೆ ಅಂತ ಯೂಸಬಿಲಿಟಿ ತಜ್ಞ ಜೇಕಬ್ ನೀಲ್ಸನ್ 1993ರಲ್ಲೇ ಬರೆದಿದ್ದಾರೆ, ಅಷ್ಟು ಹೊತ್ತು ಒಬ್ರನ್ನ ಕೂರಿಸ್ತೀವಿ ಅಂದ್ರೆ ತೋರಿಸೋ ನಂಬರ್ ನಿಜ ಇರ್ಬೇಕು, ಅದೂ ದುಡ್ಡಿನ ಲೆಕ್ಕ ಹಾಕೋ ಪೇಜ್‌ನಲ್ಲಿ!

ಅವತ್ತೇ ಕೂತು ಬದಲಾಯಿಸಿದ್ವಿ. ಈಗ ಫೈಲ್ ಬಂದ ತಕ್ಷಣ ಸರ್ವರ್ 202 ಸ್ಟೇಟಸ್ (ತಗೊಂಡಿದೀನಿ, ಕೆಲಸ ಇನ್ನೂ ಮುಗಿದಿಲ್ಲ ಅನ್ನೋ ಉತ್ತರ) ಜೊತೆ ಒಂದು ಜಾಬ್ ಐಡಿ ಕೊಡುತ್ತೆ, ಕೆಲಸ ಹಿಂದೆ ಬೇರೆಯಾಗಿ ಓಡೋ ಬ್ಯಾಕ್‌ಗ್ರೌಂಡ್ ವರ್ಕರ್‌ಗೆ ಹೋಗುತ್ತೆ. ಇದರಿಂದ ಇನ್ನೊಂದು ಕಾಟನೂ ತಪ್ತು, ಬ್ರೌಸರ್‌ಗೂ ಸರ್ವರ್‌ಗೂ ಮಧ್ಯೆ ರಿಕ್ವೆಸ್ಟ್ ದಾಟಿಸೋ ಎಂಜಿನ್‌ಎಕ್ಸ್ ಅನ್ನೋ ಪ್ರೋಗ್ರಾಂ, ನಮ್ಮ ಸರ್ವರ್‌ನಿಂದ 60 ಸೆಕೆಂಡ್ ಏನೂ ಬರ್ಲಿಲ್ಲ ಅಂದ್ರೆ 504 (ಟೈಮ್‌ಔಟ್ ಎರರ್) ಎಸೀತಿತ್ತು, ಅದರ ಡೀಫಾಲ್ಟೇ ಅಷ್ಟು. ವರ್ಕರ್ ಆಗಾಗ ಎಷ್ಟು ಸಾಲು ಮುಗೀತು ಅಂತ ಬರೆದಿಡುತ್ತೆ, ಬ್ರೌಸರ್ ಎರಡು ಸೆಕೆಂಡಿಗೊಂದ್ಸಲ ಕೇಳುತ್ತೆ. ವೆಬ್‌ಸಾಕೆಟ್ (ಸರ್ವರ್ ತಾನಾಗೇ ಸುದ್ದಿ ಕಳಿಸೋಕೆ ತೆರೆದಿಡೋ ಕನೆಕ್ಷನ್) ಬೇಕಾ ಅಂತ ಚರ್ಚೆ ಆಯ್ತು, ಇಷ್ಟಕ್ಕೆ ಪೋಲಿಂಗ್, ಅಂದ್ರೆ ಹೀಗೆ ಪದೇ ಪದೇ ಕೇಳೋದು, ಧಾರಾಳ ಸಾಕು ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಉತ್ತರಕ್ಕೆ ಕಾಯದೆ ಟೈಮ್‌ಗೆ ಸರಿಯಾಗಿ ಕೇಳ್ತಾನೇ ಇರೋ ಸೆಟ್‌ಇಂಟರ್ವಲ್ ಬೇಡ, ಹಿಂದಿನ ಉತ್ತರ ಬಂದ್ಮೇಲೆ ಮುಂದಿನದನ್ನ ಕೇಳ್ಬೇಕು, ಇಲ್ಲಾಂದ್ರೆ ನೆಟ್ ಸ್ಲೋ ಇದ್ದಾಗ ರಿಕ್ವೆಸ್ಟ್‌ಗಳು ಒಂದರ ಮೇಲೊಂದು ಬೀಳ್ತವೆ. ಜಾಬ್ ಐಡಿ ಯುಆರ್‌ಎಲ್‌ನಲ್ಲೇ ಇದೆ, ರಿಫ್ರೆಶ್ ಹೊಡೆದ್ರೂ ಅದೇ ಕೆಲಸದ ಸ್ಥಿತಿ ವಾಪಸ್ ಕಾಣುತ್ತೆ. ಅದೇ ಫೈಲ್ ಮತ್ತೆ ಬಂದ್ರೆ ಹ್ಯಾಶ್ (ಫೈಲ್ ಒಳಗಿರೋದ್ರಿಂದ ಲೆಕ್ಕ ಹಾಕಿದ ಗುರುತು) ನೋಡಿ ಸರ್ವರ್ ತಡೆಯುತ್ತೆ.

ಬಾರ್ ಕೆಳಗಿನ ಮಾತೂ ಬದಲಾಯ್ತು: ಮೊದಲು "ಫೈಲ್ ಕಳಿಸ್ತಾ ಇದೀವಿ", ಆಮೇಲೆ "12,000 ಸಾಲಲ್ಲಿ 3,400 ಆಯ್ತು, ಈ ಪೇಜ್ ಮುಚ್ಚಿದ್ರೂ ಕೆಲಸ ನಡೀತಿರುತ್ತೆ". ಮೇಡಂ ಅದನ್ನ ಓದಿ ಬೇರೆ ಟ್ಯಾಬ್‌ಗೆ ಹೋಗಿ ತಮ್ಮ ಕೆಲಸ ಶುರು ಮಾಡಿದ್ರು. ನನಗೆ ತುಂಬಾ ಖುಷಿ ಆಯ್ತು.

ಕ್ಯಾನ್ಸಲ್ ಬಟನ್ ಮಾತ್ರ ಇನ್ನೂ ಹಾಕಿಲ್ಲ. ರಿಕ್ವೆಸ್ಟ್ ರದ್ದು ಮಾಡೋಕೆ ಇರೋ ಅಬಾರ್ಟ್‌ಕಂಟ್ರೋಲರ್ ಬ್ರೌಸರ್ ಕಡೆ ಕಾಯೋದನ್ನ ನಿಲ್ಲಿಸುತ್ತೆ ಅಷ್ಟೇ, ವರ್ಕರ್‌ಗೆ ನಿಲ್ಲು ಅಂತ ನಾವೇ ಬೇರೆಯಾಗಿ ಹೇಳ್ಬೇಕು, ಅಷ್ಟರಲ್ಲಿ ಒಳಗೆ ಹೋಗಿರೋ ಸಾಲುಗಳನ್ನ ಇಟ್ಕೋಬೇಕಾ ತೆಗೀಬೇಕಾ ಅನ್ನೋದನ್ನ ಮೊದಲು ಅಕೌಂಟ್ಸ್‌ನೋರ ಹತ್ರ ಕೇಳ್ಬೇಕು.